ಕುಸುಬೆ ಎಣ್ಣೆ, ಕಾಸ್ಟಿಕ್ ಸೋಡಾ ಮತ್ತು ಚರ್ಮ: ಮೆಹಕರ ಸೀಮೆಯಿಂದ ಒಂದು ವಿಚಾರ

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಮೆಹಕರ ಮಹಾರಾಷ್ಟ್ರದ ಗಡಿಗೆ ಸಮೀಪದ ಊರು. ಈ ಸೀಮೆಯಲ್ಲಿ ಮರಾಠಿಯ ಸಾಬಣ, ಉರ್ದುವಿನ ಸಾಬೂನ್, ಕನ್ನಡದ ಸಾಬೂನು ಮೂರೂ ನಡೆಯುತ್ತವೆ. ಮೂರೂ ಅರಬ್ಬಿಯಿಂದ ಬಂದ ಒಂದೇ ಶಬ್ದದ ರೂಪಗಳು. ಶಬ್ದ ಹೊರಗಿನದು, ಸಾಮಗ್ರಿ ಹಾಗಲ್ಲ. ಬಟ್ಟೆ ಒಗೆಯುವ ಕಾಯಕದ ಶರಣ, ಹನ್ನೆರಡನೆಯ ಶತಮಾನದ ಮಡಿವಾಳ ಮಾಚಿದೇವರ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ. ಮಡಿವಾಳ ವೃತ್ತಿಯವರು ಹಿಂದೆ ಬಟ್ಟೆಯ ಕೊಳೆಗೆ ನೆಚ್ಚಿದ್ದು ಸವಳು ಮಣ್ಣನ್ನು, ಅಂದರೆ ಸೋಡಿಯಂ ಕಾರ್ಬೊನೇಟಿನಂಥ ಕ್ಷಾರವನ್ನು. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ ಮತ್ತು ಅಂಟುವಾಳ. ಕ್ಷಾರವೂ ಎಣ್ಣೆಯೂ ಊರಲ್ಲೇ ಇದ್ದವು. ಎರಡನ್ನೂ ಕೂಡಿಸಿ ಗಟ್ಟಿ ಮಾಡುವ ಪದ್ಧತಿ ತಡವಾಗಿ ಬಂತು.

ಕಾಯಿಸದೆ ಮಾಡುವ ಕೈಸಾಬೂನಿನ ಪಾಠಗಳು ಸಾಮಾನ್ಯವಾಗಿ ಆಲಿವ್ ಎಣ್ಣೆಯಿಂದ ಶುರುವಾಗುತ್ತವೆ. ಬೀದರಿನ ಕಪ್ಪು ನೆಲಕ್ಕೆ ಒಗ್ಗಿದ್ದು ಕುಸುಬೆ. ಹಾಗಾದರೆ ಕುಸುಬೆಯೊಂದರಿಂದಲೇ ಸಾಬೂನು ಆಗದೇ? ಆಗುತ್ತದೆ, ಆದರೆ ಮೆತ್ತಗಿರುತ್ತದೆ. ಕುಸುಬೆಯ ಸಾಮಾನ್ಯ ತಳಿಗಳ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಲಿನೋಲೆಯಿಕ್ ಆಮ್ಲ. ಅದು ಗಾಳಿಗೆ ಬೇಗ ಕೆಡುತ್ತದೆ, ಬಿಲ್ಲೆಯ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತವೆ, ಕಮಟು ವಾಸನೆ ಹಿಡಿಯುತ್ತದೆ. ನಾಲ್ವತ್ತು ಡಿಗ್ರಿ ಮುಟ್ಟುವ ಇಲ್ಲಿಯ ಬೇಸಿಗೆಯಲ್ಲಿ ಇದು ಸಣ್ಣ ತೊಡಕಲ್ಲ. ಗಟ್ಟಿತನಕ್ಕೂ ನೊರೆಗೂ ಲಾರಿಕ್ ಆಮ್ಲದ ಕೊಬ್ಬರಿ ಎಣ್ಣೆ ಬೇಕು. ಅದು ಮಾತ್ರ ತಿಪಟೂರಿನಂಥ ತೆಂಗಿನ ನಾಡಿನಿಂದ ಬರಬೇಕು.

ಹೊಂದುವ ಒಂದು ಲೆಕ್ಕ ಹೀಗಿದೆ. ಕೊಬ್ಬರಿ ಎಣ್ಣೆ 400 ಗ್ರಾಂ, ಶೇಂಗಾ ಎಣ್ಣೆ 350, ಕುಸುಬೆ 150, ಹರಳೆಣ್ಣೆ 100. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಅದನ್ನು ಸಾಬೂನಾಗಿಸುವ ಕ್ಷಾರ, ಅಂದರೆ ಕಾಸ್ಟಿಕ್ ಸೋಡಾ, ಸುಮಾರು 0.183 ಗ್ರಾಂ ಹಿಡಿಯುತ್ತದೆ, ಶೇಂಗಾಕ್ಕೂ ಕುಸುಬೆಗೂ 0.136, ಹರಳಿಗೆ 0.128. ಒಟ್ಟು 154 ಗ್ರಾಂ. ಅದರಲ್ಲಿ ಶೇಕಡಾ 5 ಕಡಿಮೆ ಮಾಡಿ 146 ಗ್ರಾಂ ಹಾಕಿದರೆ ಅಷ್ಟು ಎಣ್ಣೆ ಸಾಬೂನಾಗದೆ ಉಳಿಯುತ್ತದೆ. ಚರ್ಮಕ್ಕೆ ಸಿಗುವ ರಿಯಾಯಿತಿ ಅದೇ. ಇಲ್ಲಿ ಅಳತೆಯ ಲೋಟ ನಡೆಯದು, ತಕ್ಕಡಿಯೇ ಬೇಕು.

ಸೋಡಾದ ಇಮ್ಮಡಿ ತೂಕದ ನೀರಿಗೆ ಸೋಡಾ ಸುರಿಯಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಇರಲೇಬೇಕು. ಅಲ್ಯುಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ, ಹೈಡ್ರೋಜನ್ ಹೊರಡುತ್ತದೆ. ಸ್ಟೀಲ್ ಪಾತ್ರೆ ಆಗಬಹುದು. ದ್ರಾವಣವೂ ಎಣ್ಣೆಯೂ ಉಗುರುಬೆಚ್ಚಗಾದ ಮೇಲೆ ಕೂಡಿಸಿ ಭಜಿ ಹಿಟ್ಟಿನ ಹದ ಬರುವವರೆಗೆ ತಿರುವಿ ಅಚ್ಚಿಗೆ ಹೊಯ್ಯುವುದು. ಒಂದೆರಡು ದಿನಕ್ಕೆ ಬಿಲ್ಲೆ ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಗೆ ಇಡಬೇಕು. ಕ್ಷಾರ ಉಳಿದಿದೆಯೇ ಎಂದು ನೋಡಲು ಹಳಬರು ಬಿಲ್ಲೆಗೆ ನಾಲಿಗೆ ತಾಗಿಸುತ್ತಾರೆ, ಚುರುಕ್ ಎಂದರೆ ಇನ್ನೂ ಆಗಿಲ್ಲ. ಬೀದರ ಕೋಟೆಯ ಮಣ್ಣನ್ನು ಬಿದ್ರಿ ಕುಶಲಕರ್ಮಿ ನಾಲಿಗೆಯಿಂದಲೇ ಅಳೆಯುವುದು ನೆನಪಾಗುತ್ತದೆ. ಆದರೆ ಸಾಬೂನಿನ ಕೆಲಸಕ್ಕೆ ಪಿಎಚ್ ಕಾಗದವೇ ಮೇಲು.

1918ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ಸರ್ಕಾರಿ ಸಾಬೂನು ಕಾರ್ಖಾನೆಯಿಂದಾಗಿ ಕನ್ನಡಿಗರಿಗೆ ಸಾಬೂನು ಎಂದರೆ ಶ್ರೀಗಂಧದ ಬಿಲ್ಲೆ. ದೊಡ್ಡ ಕಾರ್ಖಾನೆಗಳ ಕಾಯಿಸುವ ಪದ್ಧತಿಯಲ್ಲಿ ಉಪ್ಪುನೀರಿನಿಂದ ಸಾಬೂನು ಬೇರ್ಪಡಿಸಿ ಗ್ಲಿಸರಿನ್ ತೆಗೆಯುವುದುಂಟು. ಕೈಸಾಬೂನಿನಲ್ಲಿ ಅದು ಒಳಗೇ ಉಳಿಯುತ್ತದೆ, ಒಂದು ಕಿಲೋ ಎಣ್ಣೆಗೆ ಸುಮಾರು 100 ಗ್ರಾಂ. ಗ್ಲಿಸರಿನ್ ನೀರು ಹಿಡಿಯುವ ವಸ್ತು, ಹಾಗಾಗಿ ತೊಳೆದ ಮೇಲೆ ಚರ್ಮ ಬಿಗಿಯುವುದು ಕಡಿಮೆ.

ಇದಕ್ಕಿಂತ ಹೆಚ್ಚು ಹೇಳುವವರ ಮಾತನ್ನು ನಾನು ಒಪ್ಪಲಾರೆ. ಚರ್ಮದ ಮೇಲ್ಮೈ ಪಿಎಚ್ ಸುಮಾರು 5, ಯಾವ ನಿಜ ಸಾಬೂನಾದರೂ 9ರಿಂದ 10. ಕೈಯಲ್ಲಿ ಮಾಡಿದ್ದರಿಂದ ಆ ಅಂತರ ಅಳಿಯದು. ಗಜಕರ್ಣ, ಇಸಬು ಇದ್ದವರಿಗೆ ಇದು ಔಷಧವಲ್ಲ. ಬೇವಿನ ಅಜಾಡಿರಾಕ್ಟಿನ್ ತೀವ್ರ ಕ್ಷಾರದಲ್ಲಿ ನಿಲ್ಲದು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ಮನೆಯಲ್ಲಿ ನೋಡಿದವರಿಗೆ ಅರಿಶಿನದ ಸಾಬೂನು ಏಕೆ ಹಳದಿ ಉಳಿಯುವುದಿಲ್ಲವೆಂದು ಬಿಡಿಸಿ ಹೇಳಬೇಕಿಲ್ಲ. ಲಿನೋಲೆಯಿಕ್ ಆಮ್ಲ ಚರ್ಮದ ತಡೆಗೋಡೆಗೆ ಬೇಕಾದದ್ದೇ ಹೌದು. ಆದರೆ ಕ್ಷಾರ ಎಣ್ಣೆಯನ್ನು ಆರಿಸಿ ತಿನ್ನುವುದಿಲ್ಲ, ಉಳಿದ ಶೇಕಡಾ 5ರಲ್ಲಿ ಕುಸುಬೆ ಎಷ್ಟೆಂದು ಹೇಳಲಾಗದು. ಉಳಿದದ್ದರಲ್ಲೂ ಹೆಚ್ಚಿನದು ನೀರಿನೊಡನೆ ಹೋಗುತ್ತದೆ. ಬಾವಿಯ ನೀರು ಗಡಸಾಗಿದ್ದರೆ ಕ್ಯಾಲ್ಸಿಯಂ ಸಾಬೂನಿನ ಬಿಳಿ ಕಿಟ್ಟ ಮೈಗೆ ಹತ್ತುವುದು ಬೇರೆ.

ಸಾಬೂನಿಗೆ 150 ಗ್ರಾಂ ಕುಸುಬೆ ಸಾಕು. ಚಳಿಗಾಲದಲ್ಲಿ ಮೈ ಒಡೆಯುವವರು ಮಿಕ್ಕ ಎಣ್ಣೆಯನ್ನು ಸ್ನಾನ ಮುಗಿದ ಮೇಲೆ, ಮೈ ಇನ್ನೂ ತೇವವಿರುವಾಗ ತೆಳುವಾಗಿ ಹಚ್ಚಿಕೊಳ್ಳಬಹುದು. ಅದನ್ನು ಯಾರೂ ತೊಳೆಯುವುದಿಲ್ಲ.