'ಇ' ಜೀವಸತ್ತ್ವವೂ ಉರಿಯೂತವೂ: ಒಂದು ಚಾರಿತ್ರಿಕ ವಿವೇಚನೆ

'ಇ' ಜೀವಸತ್ತ್ವದ ಚರಿತ್ರೆಯನ್ನು ಒಂದು ಆಶಾಭಂಗದ ಕಥೆಯಾಗಿ ಹೇಳುವುದು ವಾಡಿಕೆ. ಪ್ರಯೋಗಶಾಲೆಯಲ್ಲಿ ಹುಟ್ಟಿದ ಭರವಸೆಯನ್ನು ರೋಗಿಗಳ ಮೇಲಣ ಪರೀಕ್ಷೆಗಳು ಸುಳ್ಳುಮಾಡಿದುವೆಂಬುದು ಆ ಕಥೆಯ ಸಾರ. ಆಧಾರಗಳನ್ನು ಕಾಲಾನುಕ್ರಮದಲ್ಲಿರಿಸಿ ನೋಡಿದರೆ ಈ ನಿರೂಪಣೆಯನ್ನು ಒಪ್ಪುವುದು ಕಷ್ಟ.

1922ರಲ್ಲಿ ಕ್ಯಾಲಿಫೋರ್ನಿಯದ ಹರ್ಬರ್ಟ್ ಈವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಅವರು, ಇಲಿಗಳಲ್ಲಿ ಗರ್ಭವು ನಿಲ್ಲುವುದಕ್ಕೆ ಅದುವರೆಗೆ ಅಜ್ಞಾತವಾಗಿದ್ದ ಒಂದು ಆಹಾರಾಂಶವು ಅವಶ್ಯಕವೆಂದು ತೋರಿಸಿದರು. 1936ರಲ್ಲಿ ಈವಾನ್ಸ್ ಮತ್ತು ಎಮರ್ಸನ್ ದಂಪತಿಗಳು ಗೋಧಿಯ ಅಂಕುರದ ಎಣ್ಣೆಯಿಂದ ಅದನ್ನು ಬೇರ್ಪಡಿಸಿದ ವಿಚಾರವನ್ನು ಪ್ರಕಟಿಸಿದರು. 'ಟೋಕೋಫೆರಾಲ್' ಎಂಬ ಹೆಸರನ್ನು ಸೂಚಿಸಿದವರು ಗ್ರೀಕ್ ಪ್ರಾಧ್ಯಾಪಕರಾದ ಜಾರ್ಜ್ ಕ್ಯಾಲ್ಹೂನ್. ಪ್ರಸವ, ಹೊರುವಿಕೆ ಎಂಬರ್ಥದ ಎರಡು ಗ್ರೀಕ್ ಪದಗಳು ಅದರ ಮೂಲ. ವಿಜ್ಞಾನಿಗಳು ನಮ್ಮಂಥವರ ಬಾಗಿಲಿಗೆ ಬಂದ ಇಂಥ ಪ್ರಸಂಗಗಳು ವಿರಳ!

ಈ ವಸ್ತುವು ಹೃದ್ರೋಗದ ಚರ್ಚೆಗೆ ಬಂದಾಗ ತೊಡಕು ಮೊದಲಾಯಿತು. 'ಮಾನೋಸೈಟ್' ಎಂಬ ಬಿಳಿಯ ರಕ್ತಕಣಗಳು ರಕ್ತನಾಳದ ಒಳಪೊರೆಗೆ ಅಂಟಿಕೊಂಡು ಒಳಹೊಕ್ಕು, ಅಲ್ಲಿ ಉರಿಯೂತವನ್ನು ಬೆಳೆಸುತ್ತವೆ. ನಾಳವು ಕ್ರಮೇಣ ಕಿರಿದಾಗುತ್ತದೆ. 1996ರಲ್ಲಿ ಶ್ರೀದೇವಿ ದೇವರಾಜ್, ಈಶ್ವರಲಾಲ್ ಜಿಯಲಾಲ್ ಮತ್ತು ಸಂಗಡಿಗರು, ಆರೋಗ್ಯವಂತರಿಗೆ 8 ವಾರಗಳ ಕಾಲ ದಿನಕ್ಕೆ 1200 ಮಾನದಷ್ಟು ಟೋಕೋಫೆರಾಲನ್ನು ಕೊಟ್ಟು ಅವರ ಮಾನೋಸೈಟುಗಳನ್ನು ಪರೀಕ್ಷಿಸಿದರು. ಆ ಕಣಗಳು ಹೊರಹಾಕುವ ತೀಕ್ಷ್ಣ ಆಮ್ಲಜನಕರೂಪವೂ, 'ಇಂಟರ್‌ಲ್ಯೂಕಿನ್-1 ಬೀಟಾ' ಎಂಬ ಉರಿಯೂತಕಾರಿ ದ್ರವ್ಯವೂ ಕಡಮೆಯಾದುವು. ಒಳಪೊರೆಗೆ ಅಂಟುವ ಗುಣವೂ ತಗ್ಗಿತು.

2000ದಲ್ಲಿ ಪ್ರಕಟವಾದ 'ಹೋಪ್' ಪರೀಕ್ಷೆಯಾದರೋ, ಹೃದ್ರೋಗದ ಅಪಾಯವು ಹೆಚ್ಚಾಗಿದ್ದ 9541 ಮಂದಿಯನ್ನು ಒಳಗೊಂಡಿತ್ತು. ಅವರಲ್ಲಿ ಸುಮಾರು ಅರ್ಧ ಮಂದಿಗೆ ದಿನಕ್ಕೆ 400 ಮಾನವನ್ನೂ ಉಳಿದವರಿಗೆ ಹುಸಿಗುಳಿಗೆಯನ್ನೂ ಸರಾಸರಿ ನಾಲ್ಕೂವರೆ ವರ್ಷ ಕೊಡಲಾಯಿತು. ಹೃದಯಾಘಾತವಾಗಲಿ ಮರಣವಾಗಲಿ ಕಡಮೆಯಾಗಲಿಲ್ಲ. ಅಷ್ಟೇ ಅಲ್ಲ, ಅದನ್ನೇ ಮುಂದುವರಿಸಿ 2005ರಲ್ಲಿ ಕೊಟ್ಟ ವರದಿಯಲ್ಲಿ, ಜೀವಸತ್ತ್ವವನ್ನು ಸೇವಿಸಿದವರಲ್ಲಿ ಹೃದಯದೌರ್ಬಲ್ಯವು ಹೆಚ್ಚಾಗಿ ಕಂಡಿತು.

ಹಾಗಾದರೆ 1996ರ ಪ್ರಯೋಗವು ತಪ್ಪೆ? ಎರಡರ ಪ್ರಮಾಣಗಳು ಬೇರೆ, ಪರೀಕ್ಷೆಗೆ ಒಳಗಾದವರು ಬೇರೆ, ಕೇಳಿದ ಪ್ರಶ್ನೆಯೂ ಬೇರೆ. ಒಂದು ಇನ್ನೊಂದನ್ನು ಖಂಡಿಸಿತೆನ್ನುವುದು ಆತುರದ ತೀರ್ಮಾನ. ಇದನ್ನು ಸ್ಪಷ್ಟಪಡಿಸುವುದು ದೇವರಾಜ್, ಜಿಯಲಾಲ್ ಮತ್ತಿತರರು 2007ರಲ್ಲಿ ಪ್ರಕಟಿಸಿದ ಲೇಖನ. ಅದನ್ನು ಉದಾಹರಿಸುವವರು ಕಡಮೆ. ಹೃದಯದ ನಾಳಗಳ ರೋಗವುಳ್ಳ 90 ಮಂದಿಯ ಈ ಅಧ್ಯಯನದಲ್ಲಿ ಅದೇ 1200 ಮಾನವನ್ನು ಎರಡು ವರ್ಷ ಕೊಟ್ಟಾಗ, ರಕ್ತದಲ್ಲಿಯೂ ಮಾನೋಸೈಟುಗಳಲ್ಲಿಯೂ ಉರಿಯೂತದ ಚಿಹ್ನೆಗಳು ಇಳಿದುವು. ಕತ್ತಿನ ರಕ್ತನಾಳದ ಗೋಡೆಯ ದಪ್ಪವನ್ನೂ ಅವರು ಅಳೆದಿದ್ದರು. ಅದರಲ್ಲಿ ಜೀವಸತ್ತ್ವವನ್ನು ಸೇವಿಸಿದವರಿಗೂ ಸೇವಿಸದವರಿಗೂ ಗಣನೀಯವಾದ ವ್ಯತ್ಯಾಸವೇನೂ ಇರಲಿಲ್ಲ.