ಹಾರ್ಡ್‌ಟಾಪ್ ಕಿಟಕಿ (ಲ್ಯಾಂಡ್ ರೋವರ್)

ಲ್ಯಾಂಡ್ ರೋವರ್‌ನ ಹಿಂಭಾಗದ ಮೇಲೆ ಕೂರುವ ಲೋಹದ ಹಾರ್ಡ್‌ಟಾಪ್‌ನ ಪಕ್ಕದ ತಗಡನ್ನು ಕೊರೆದು, ಕಾರ್ಖಾನೆಯಿಂದ ಬರುವಾಗ ಇಲ್ಲದ ಗಾಜನ್ನು ಕೂರಿಸುವ ಕೆಲಸ. ಗಾಳಿ ಬೆಳಕಿಗಾಗಿ ಮಾಡಿಸುವುದೆಂದು ಹೇಳಿ ಮುಗಿಸುವುದು ರೂಢಿ. ಬ್ರಿಟನ್ನಿನ ಮಟ್ಟಿಗೆ ಅದು ಅರ್ಧ ಮಾತು, ಉಳಿದರ್ಧ ತೆರಿಗೆಯದು.

1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡ ಮೊದಲ ಲ್ಯಾಂಡ್ ರೋವರ್ ಹೊಲಗದ್ದೆಗೆಂದು ಮಾಡಿದ ಗಾಡಿ. ಅದೇ ವರ್ಷ ಟಿಕ್‌ಫರ್ಡ್ ಸಂಸ್ಥೆ ಮರದ ಚೌಕಟ್ಟು, ಪಕ್ಕದ ಕಿಟಕಿ, ಏಳು ಸೀಟುಗಳ ಸ್ಟೇಷನ್ ವ್ಯಾಗನ್ ಕಟ್ಟಿಕೊಟ್ಟಿತು. ಕಾನೂನಿನ ಕಣ್ಣಿಗೆ ಅದು ಕಾರು. 1940ರಿಂದ ಜಾರಿಯಲ್ಲಿದ್ದ ಖರೀದಿ ತೆರಿಗೆ ಅದರ ಮೇಲೆ ಬಿತ್ತು. 1951ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 700 ಗಾಡಿಗಳೂ ಆಗಿರಲಿಲ್ಲ. ಪಕ್ಕ ಮುಚ್ಚಿದ ಹಾರ್ಡ್‌ಟಾಪ್ ಮಾತ್ರ ಸರಕು ವಾಹನದ ಲೆಕ್ಕಕ್ಕೇ ಸೇರಿತು.

ಗೊಂದಲ ಶುರುವಾಗುವುದು ಇಲ್ಲಿಂದ. ಆಗ ಕಿಟಕಿ ಇಡುವುದೇ ನಿಷಿದ್ಧವಾಗಿತ್ತೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ನಿಷೇಧವೇನೂ ಇರಲಿಲ್ಲ. ಚಾಲಕನ ಸೀಟಿನ ಹಿಂದೆ ಗಾಜು ಬಂತೆಂದರೆ ವ್ಯಾನು ಕಾರಾಗುತ್ತಿತ್ತು, ಕಾರಿನ ತೆರಿಗೆ ಕಟ್ಟಬೇಕಾಗುತ್ತಿತ್ತು, ಅಷ್ಟೇ. ಇದರ ಜತೆ ವೇಗಮಿತಿಯ ಪ್ರಶ್ನೆಯನ್ನೂ ಬೆರೆಸುವುದುಂಟು. ಸರಕು ವಾಹನಗಳಿಗಿದ್ದ ಗಂಟೆಗೆ 30 ಮೈಲಿಯ ಮಿತಿಯಿಂದ ಲ್ಯಾಂಡ್ ರೋವರ್ ಪಾರಾದದ್ದು ‘ದ್ವಿಬಳಕೆಯ ವಾಹನ’ ಎಂಬ ವರ್ಗಕ್ಕೆ ಸೇರಿದ ಮೇಲೆ. ಈ ವರ್ಗದ ನಿಯಮ, ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹರಿಯದ ಗಾಡಿಗಳಿಂದ ಪ್ರತಿ ಪಕ್ಕದಲ್ಲೂ ಕನಿಷ್ಠ 1,850 ಚದರ ಸೆಂಟಿಮೀಟರ್ ಗಾಜು ಕೇಳುತ್ತದೆ. ಫೋರ್ ವ್ಹೀಲ್ ಡ್ರೈವ್ ಇರುವುದಕ್ಕೆ ಗಾಜಿನ ಹಂಗಿಲ್ಲ. ಹೀಗಾಗಿ ವೇಗದ ವಿಷಯದಲ್ಲಿ ಲ್ಯಾಂಡ್ ರೋವರ್‌ಗೆ ಕಿಟಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತೆರಿಗೆಯಲ್ಲಿ ಎಲ್ಲವೂ ಅದರ ಮೇಲೇ ನಿಂತಿತ್ತು.

ಲ್ಯಾಂಡ್ ರೋವರ್ ತಯಾರಿಸುವ ಕಂಪನಿಯೂ ಸುಮ್ಮನಿರಲಿಲ್ಲ. 12 ಸೀಟಿನ ವಾಹನ ಬಸ್ಸಿನ ಲೆಕ್ಕಕ್ಕೆ ಸೇರಿ ಖರೀದಿ ತೆರಿಗೆಯಿಂದ ತಪ್ಪಿಸಿಕೊಳ್ಳುತ್ತಿತ್ತು. ಆದ್ದರಿಂದ ಸುತ್ತಲೂ ಕಿಟಕಿಯಿದ್ದ 12 ಸೀಟಿನ ಸ್ಟೇಷನ್ ವ್ಯಾಗನ್, ಹತ್ತು ಸೀಟಿನದಕ್ಕಿಂತ ಅಗ್ಗವಾಗಿ ಸಿಗುವಂತಾಯಿತು. 1973ರಲ್ಲಿ ಖರೀದಿ ತೆರಿಗೆ ಹೋಗಿ ವ್ಯಾಟ್ ಬಂದರೂ ತರ್ಕ ಬದಲಾಗಲಿಲ್ಲ. 1992ರ ಆದೇಶದ ಪ್ರಕಾರ ಚಾಲಕನ ಹಿಂದೆ ಚಾವಣಿಯಿರುವ ಜಾಗಕ್ಕೆ ಪಕ್ಕದ ಕಿಟಕಿ ಇದ್ದರೆ, ಅಥವಾ ಕಿಟಕಿ ಕೂರಿಸಲು ಅನುವಾಗಿದ್ದರೂ ಸಾಕು, ಅದು ಕಾರು. ಒಂದು ಟನ್ ಅಥವಾ ಅದಕ್ಕಿಂತ ಹೆಚ್ಚು ಭಾರ ಹೊರುವ ವಾಹನಕ್ಕೆ ವಿನಾಯಿತಿ ಇದೆ. ವ್ಯಾಟ್ ಹಿಂಪಡೆದ ಉದ್ಯಮವೊಂದು ಆಮೇಲೆ ತನ್ನ ವ್ಯಾನಿಗೆ ಕಿಟಕಿ ಕೊರೆಸಿದರೆ, ತನಗೆ ತಾನೇ ಕಾರು ಮಾರಿಕೊಂಡಂತೆ ಲೆಕ್ಕ ಹಿಡಿದು ತೆರಿಗೆ ತೆರಬೇಕು.

ಕೆಲಸದ ಕ್ರಮ ಹೆಚ್ಚು ಬದಲಾಗಿಲ್ಲ. ಹಾರ್ಡ್‌ಟಾಪ್‌ನ ತಗಡು ಅಲ್ಯೂಮಿನಿಯಂ ಮಿಶ್ರಲೋಹದ್ದು, ಕೊಯ್ಯಲು ಸುಲಭ. ಗುರುತು ಹಾಕಿ, ಮೂಲೆಗಳಲ್ಲಿ ದುಂಡಗೆ ತೂತು ಕೊರೆದು, ಗರಗಸ ಓಡಿಸುತ್ತಾರೆ. ಚೂಪು ಮೂಲೆ ಬಿಟ್ಟರೆ ಅಲುಗಾಟಕ್ಕೆ ಅಲ್ಲಿಂದಲೇ ಬಿರುಕು. ಟಫನ್ಡ್ ಗಾಜನ್ನು ಹದಗೊಳಿಸಿದ ಮೇಲೆ ಕತ್ತರಿಸಲಾಗದು, ಆದ್ದರಿಂದ ತಗಡೇ ಗಾಜಿನ ಅಳತೆಗೆ ಬರಬೇಕು. ರಬ್ಬರ್ ಪಟ್ಟಿಯ ವಿಧಾನದಲ್ಲಿ ಗಾಜಿನ ಸುತ್ತ ಪಟ್ಟಿ ತೊಡಿಸಿ, ಅದರ ಹೊರ ಸೀಳಿನಲ್ಲಿ ದಾರ ಕೂರಿಸಿ, ತುದಿಗಳನ್ನು ಒಳಗೆ ಇಳಿಬಿಡುತ್ತಾರೆ. ಹೊರಗಿನವನು ಗಾಜನ್ನು ಅಂಗೈಯಿಂದ ಒತ್ತಿ ಹಿಡಿದಿರುವಾಗ ಒಳಗಿನವನು ದಾರ ಎಳೆಯುತ್ತಾ ಹೋಗುತ್ತಾನೆ; ರಬ್ಬರಿನ ಅಂಚು ತಗಡಿನ ಮೇಲೆ ಒಂದೊಂದೇ ಇಂಚು ಮಗುಚಿ ಕೂರುತ್ತದೆ. ಈಚೆಗೆ ಪಾಲಿಯುರಿಥೇನ್ ಅಂಟು ಹಾಗೂ ಜಾರುವ ಗಾಜಿನ ಅಲ್ಯೂಮಿನಿಯಂ ಚೌಕಟ್ಟುಗಳೂ ಬಳಕೆಯಲ್ಲಿವೆ.

ಅಮೆರಿಕದಲ್ಲಿ ನಡೆದದ್ದು ಬ್ರಿಟನ್ನಿನ ಈ ತೆರಿಗೆ ಕಥೆಯ ತಿರುವುಮುರುವು. ಹಗುರ ಟ್ರಕ್ಕುಗಳ ಆಮದಿಗೆ ಅಲ್ಲಿ 1964ರಿಂದ ಶೇ. 25, ಪ್ರಯಾಣಿಕ ಕಾರಿಗೆ ಶೇ. 2.5 ಸುಂಕವಿತ್ತು. ಫೋರ್ಡ್ ಕಂಪನಿ 2009ರಿಂದ ಟರ್ಕಿಯಲ್ಲಿ ತಯಾರಾದ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳನ್ನು ಕಿಟಕಿ, ಹಿಂದಿನ ಸೀಟು ಸಮೇತ ತರಿಸಿ, ಸುಂಕ ತೀರಿದ ಮೇಲೆ ಸೀಟು ಕಳಚಿ, ಕೆಲವಕ್ಕೆ ಗಾಜಿನ ಜಾಗದಲ್ಲಿ ತಗಡು ಕೂರಿಸಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಕಂಪನಿಗೆ ವಿರುದ್ಧವಾಗಿ ಬಂತು, 2024ರಲ್ಲಿ 36.5 ಕೋಟಿ ಡಾಲರಿಗೆ ವಿವಾದ ಇತ್ಯರ್ಥವಾಯಿತು.