ಅಜ್ಜಮಾಡ ದೇವಯ್ಯನವರೂ ಆಕಾಶಯುದ್ಧದ ಚಲಚ್ಚಿತ್ರವೂ

ಕೊಡಗಿನಲ್ಲಿ ವ್ಯಕ್ತಿಯ ಹೆಸರಿಗಿಂತ ಮೊದಲು ಒಕ್ಕದ ಹೆಸರು ಬರುವುದು ರೂಢಿ. ಪೊನ್ನಂಪೇಟೆಯೆಂಬ ಊರೇ ದಿವಾನ್ ಚೆಪ್ಪುಡೀರ ಪೊನ್ನಪ್ಪನವರ ಹೆಸರನ್ನು ಹೊತ್ತಿರುವುದು. ಅರಸರು ಅಳಿದರು, ಆಂಗ್ಲರು ಬಂದು ಹೋದರು. ಆದರೆ ಊರಿನ ಹೆಸರು ಮಾತ್ರ ಅಳಿಯಲಿಲ್ಲ. ಹೆಸರುಗಳನ್ನು ಇಷ್ಟು ಜತನದಿಂದ ಕಾಯ್ದುಕೊಂಡು ಬಂದಿರುವ ಈ ಸೀಮೆಯ ವೀರನೊಬ್ಬನ ಚರಿತ್ರೆಯು 2025ನೆಯ ಇಸವಿಯ ಜನವರಿ 24ರಂದು ‘ಸ್ಕೈ ಫೋರ್ಸ್’ ಎಂಬ ಹಿಂದೀ ಚಲಚ್ಚಿತ್ರವಾಗಿ ತೆರೆಗೆ ಬಂದಿತು. ಸಂದೀಪ್ ಕೇವಲಾನಿ ಮತ್ತು ಅಭಿಷೇಕ್ ಅನಿಲ್ ಕಪೂರ್ ಎಂಬವರು ಅದರ ನಿರ್ದೇಶಕರು. ಚಿತ್ರದಲ್ಲಿ ಆ ವೀರನಿಗೆ ಟಿ. ಕೃಷ್ಣ ವಿಜಯ ಎಂದು ಹೆಸರು. ಆದರೆ ಸಂಗತಿಯು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರದು.

ದೇವಯ್ಯನವರು 1932ನೆಯ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದರು. 1954ರಲ್ಲಿ ಭಾರತೀಯ ವಾಯುಸೇನೆಯನ್ನು ಸೇರಿದರು. 1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಮೊದಲಾದ ನೆಲೆಗಳ ಮೇಲೆ ಎರಗಿದುವು. ಮರುದಿನ ಅರುಣೋದಯಕ್ಕೇ ಅದಕ್ಕೆ ಪ್ರತ್ಯುತ್ತರವು ಸಿದ್ಧವಾಯಿತು. ಆದಂಪುರದ ನೆಲೆಯಿಂದ ಒಂದನೆಯ ಸ್ಕ್ವಾಡ್ರನ್ನಿನ ಹನ್ನೆರಡು ಮಿಸ್ಟಿಯರ್ ವಿಮಾನಗಳು ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನಾಯಕತ್ವದಲ್ಲಿ ಶತ್ರುವಿನ ಮಹಾನೆಲೆಯಾದ ಸರ್ಗೋಧಕ್ಕೆ ಹೋಗತಕ್ಕದ್ದೆಂದು ಗೊತ್ತಾಗಿದ್ದಿತು. ಇವಲ್ಲದೆ ಇನ್ನೆರಡು ವಿಮಾನಗಳನ್ನು ಮೀಸಲಾಗಿ ಇರಿಸಿದ್ದರು. ದೇವಯ್ಯನವರು ಆ ಮೀಸಲಿನವರಲ್ಲಿ ಒಬ್ಬರು. ಮುಂದೆ ಹೋಗಬೇಕಾದವರಲ್ಲಿ ಯಾರಿಗಾದರೂ ವಿಘ್ನವಾದರೆ ಮಾತ್ರ ಅವರ ಸರದಿ. ಆದರೂ ಅವರು ಏರಿದರು, ಹೋದರು, ಹಿಂದಿರುಗಲಿಲ್ಲ. ಆಗ ಅವರಿಗೆ ವಯಸ್ಸು ಮೂವತ್ತೆರಡು. ‘ಕಾಣೆಯಾದವರು’ ಎಂಬುದಾಗಿ ವಾಯುಸೇನೆಯ ದಫ್ತರದಲ್ಲಿ ಬರೆದುಕೊಂಡರು. ಮಡದಿ ಸುಂದರಿಯವರಿಗೆ ಮುಟ್ಟಿದ ವಾರ್ತೆಯೂ ಅಷ್ಟೇ.

ಆ ದಿನ ಆಕಾಶದಲ್ಲಿ ಏನು ನಡೆಯಿತೆಂಬುದನ್ನು ಕಂಡು ಹೇಳುವವರು ನಮ್ಮ ಪಕ್ಷದಲ್ಲಿ ಯಾರೂ ಇರಲಿಲ್ಲ. ಇಲ್ಲಿ ಒಂದು ವಿಷಯವನ್ನು ವಾಚಕರು ಗಮನಿಸಬೇಕು. ಆ ಕಾಲದ ಯುದ್ಧವಿಮಾನಗಳಲ್ಲಿ ಫಿರಂಗಿಯೊಡನೆ ತಾನೂ ಓಡುವ ಚಿಕ್ಕದೊಂದು ಕ್ಯಾಮೆರಾವನ್ನು ಇರಿಸುವ ಪದ್ಧತಿಯಿದ್ದಿತು. ಗುಂಡು ಹಾರುವಷ್ಟು ಹೊತ್ತು ಎದುರಿನ ದೃಶ್ಯವು ಅದರ ಸುರುಳಿಯಲ್ಲಿ ಮೂಡುತ್ತಿದ್ದಿತು. ಶತ್ರುವಿಮಾನವನ್ನು ಕೆಡವಿದೆನೆಂದು ಹೇಳುವ ವೈಮಾನಿಕನಿಗೆ ಆ ಸುರುಳಿಯೇ ಸಾಕ್ಷಿ. ಆದರೆ ಅದು ವಿಮಾನದೊಡನೆ ಮರಳಿ ಬಂದರೆ ತಾನೆ ಸಾಕ್ಷಿಯಾಗುವುದು? ಬಾರದವನಿಗೆ ಪ್ರತ್ಯಕ್ಷಪ್ರಮಾಣವಿಲ್ಲ. ಅದೇ ಯುದ್ಧದಲ್ಲಿ, ಸೆಪ್ಟೆಂಬರ್ 22ರಂದು, ಜನರಲ್ ಕಾರ್ಯಪ್ಪನವರ ಪುತ್ರರಾದ ಕೆ. ಸಿ. ಕಾರ್ಯಪ್ಪನವರ ಹಂಟರ್ ವಿಮಾನವೂ ಬಿದ್ದಿತು. ಅವರು ಸೆರೆಯಾಗಿ, ಬಿಡುಗಡೆ ಹೊಂದಿ, ಮರುವರ್ಷ ಸ್ವದೇಶಕ್ಕೆ ಬಂದರು. ತಮ್ಮ ಕಥೆಯನ್ನು ತಾವೇ ಹೇಳಿದರು. ದೇವಯ್ಯನವರಿಗೆ ಆ ಭಾಗ್ಯವಿರಲಿಲ್ಲ.

ಪ್ರತ್ಯಕ್ಷವಿಲ್ಲದೆಡೆ ಶಬ್ದಪ್ರಮಾಣವನ್ನು ಆಶ್ರಯಿಸಬೇಕೆಂಬುದು ಶಾಸ್ತ್ರದ ಮಾತು. ಆಪ್ತನ ಮಾತು ಪ್ರಮಾಣವೆಂದು ತಾರ್ಕಿಕರು ಹೇಳುವರು. ಇಲ್ಲಿಯ ವಿಚಿತ್ರವೆಂದರೆ, ಆಪ್ತರಿಗೆ ತಿಳಿಯದುದನ್ನು ಶತ್ರುವೇ ತಿಳಿಸಿದನು. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಗ್ರಂಥಕರ್ತನು 1965ರ ಆಕಾಶಯುದ್ಧವನ್ನು ಕುರಿತು, ಪಾಕಿಸ್ತಾನದ ಕಡೆಯ ಸಂಗತಿಗಳನ್ನು ಸಂಗ್ರಹಿಸಿ, ಒಂದು ಪುಸ್ತಕವನ್ನು ಪ್ರಕಟಿಸಿದನು. ಪಾಕಿಸ್ತಾನದ ಅಮ್ಜದ್ ಹುಸೇನ್ ಎಂಬ ವೈಮಾನಿಕನು ಎಫ್-104 ಸ್ಟಾರ್‌ಫೈಟರ್ ವಿಮಾನದಲ್ಲಿ ಒಂದು ಮಿಸ್ಟಿಯರನ್ನು ಬೆನ್ನಟ್ಟಿದುದೂ, ಆ ಮಿಸ್ಟಿಯರ್ ಓಡದೆ ತಿರುಗಿ ನಿಂತು ಕಾದಿದುದೂ, ಸ್ಟಾರ್‌ಫೈಟರ್ ಕೆಟ್ಟು ಅಮ್ಜದನು ಕೊಡೆಯ ಸಹಾಯದಿಂದ ನೆಲಕ್ಕಿಳಿದುದೂ ಅದರಿಂದ ಹೊರಬಿದ್ದುವು. ಸ್ಟಾರ್‌ಫೈಟರ್ ಶಬ್ದದ ಇಮ್ಮಡಿ ವೇಗದಲ್ಲಿ ಹಾರಬಲ್ಲುದು. ಮಿಸ್ಟಿಯರಾದರೋ ನೇರವಾಗಿ ಹಾರುವಾಗ ಶಬ್ದದ ವೇಗವನ್ನೇ ಮುಟ್ಟಲಾರದು. ಹದ್ದಿನ ಮೇಲೆ ಪಾರಿವಾಳವು ತಿರುಗಿಬಿದ್ದಂತೆ ಎಂದರೆ ಅತಿಶಯೋಕ್ತಿಯಾಗದು. ಆ ಮಿಸ್ಟಿಯರ್ ಯಾರದೆಂಬುದನ್ನು ಲೆಕ್ಕ ಹಾಕಿ ನೋಡಿದಾಗ ದೇವಯ್ಯನವರೊಬ್ಬರೇ ಉಳಿದರು.

ಬಳಿಕ ತನೇಜಾ ಮೊದಲಾದವರು ಬಿಡದೆ ಪ್ರಯತ್ನಪಟ್ಟುದರ ಫಲವಾಗಿ 1988ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರಚಕ್ರವು ಸಂದಿತು. ಅಷ್ಟರಲ್ಲಿ ಇಪ್ಪತ್ತಮೂರು ವರುಷಗಳು ಕಳೆದಿದ್ದುವು. ಸುಂದರಿಯವರು ಅದನ್ನು ಸ್ವೀಕರಿಸಿದರು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವೊಂದಿದೆ.

ಇನ್ನು ಚಿತ್ರದ ಮಾತು. ಆಕಾಶಯುದ್ಧವನ್ನು ತೆರೆಯ ಮೇಲೆ ತೋರಿಸುವ ವಿದ್ಯೆಯು ಹೊಸತಲ್ಲ. 1927ರಲ್ಲಿ ಅಮೆರಿಕದ ವಿಲಿಯಂ ವೆಲ್ಮನ್ ‘ವಿಂಗ್ಸ್’ ಎಂಬ ಮೂಕಚಿತ್ರವನ್ನು ತೆಗೆದಾಗ ವಿಮಾನಗಳನ್ನು ನಿಜವಾಗಿಯೇ ಹಾರಿಸಿ, ಅವುಗಳ ಮೇಲೆಯೇ ಕ್ಯಾಮೆರಾಗಳನ್ನು ಕಟ್ಟಿಸಿದನು. ತಾನೂ ಮೊದಲನೆಯ ಮಹಾಯುದ್ಧದಲ್ಲಿ ಹಾರಿದವನು. 1930ರ ‘ಹೆಲ್ಸ್ ಏಂಜಲ್ಸ್’ ಚಿತ್ರಕ್ಕಾಗಿ ಚಾಲಕರು ಪ್ರಾಣವನ್ನೇ ತೆತ್ತರು. 2022ರ ‘ಟಾಪ್ ಗನ್: ಮೇವರಿಕ್’ ಚಿತ್ರದ ನಟರು ನೌಕಾಸೇನೆಯ ವಿಮಾನಗಳ ಹಿಂದಿನ ಪೀಠದಲ್ಲಿ ಕುಳಿತು ಹಾರಿದರು, ವೇಗದ ಭಾರಕ್ಕೆ ಅವರ ಮುಖಗಳು ಸೊಟ್ಟಗಾದುದು ನಟನೆಯಲ್ಲ. ‘ಸ್ಕೈ ಫೋರ್ಸ್’ ಚಿತ್ರಕ್ಕೆ ಆ ಅನುಕೂಲವಿರಲಿಲ್ಲ. ಮಿಸ್ಟಿಯರುಗಳು 1973ರಲ್ಲಿಯೇ ಭಾರತೀಯ ಸೇವೆಯಿಂದ ನಿವೃತ್ತವಾದುವು. ದೆಹಲಿಯ ಪಾಲಂ ವಸ್ತುಸಂಗ್ರಹಾಲಯದಲ್ಲಿ ಇರುವುದು ಹಾರುವುದಲ್ಲ. ಆದುದರಿಂದ ಯುದ್ಧದ ದೃಶ್ಯಗಳು ಬಹಳಮಟ್ಟಿಗೆ ಗಣಕಯಂತ್ರದ ಸೃಷ್ಟಿ. ಇದನ್ನು ದೋಷವೆಂದು ಎಣಿಸುವುದು ನ್ಯಾಯವಲ್ಲ. ಆ ಬೆಳಗಿನ ನಿಜವಾದ ಚಿತ್ರವು ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲದಿರುವಾಗ, ಕಲ್ಪಿಸದೆ ತೋರಿಸುವುದೆಂತು?

ಆದರೆ ಹೆಸರಿನ ವಿಷಯ ಬೇರೆ. ದೃಶ್ಯವು ನಷ್ಟವಾಗಿದ್ದಿತು, ಅದನ್ನು ಕಟ್ಟಬೇಕಾಯಿತು; ಹೆಸರು ನಷ್ಟವಾಗಿರಲಿಲ್ಲ. ಇಪ್ಪತ್ತಮೂರು ವರುಷಗಳ ಬಳಿಕ ಅಷ್ಟೊಂದು ಶ್ರಮದಿಂದ ಮರಳಿ ಪಡೆದುದೇ ಆ ಹೆಸರು. ತನೇಜಾ ಅವರ ಪಾತ್ರಕ್ಕೂ ಬೇರೆ ಹೆಸರೇ, ನಾಟಕಗಳಲ್ಲಿ ಹೀಗೆ ಮಾಡುವುದುಂಟು, ಎಂದು ಸಮಾಧಾನ ಹೇಳಬಹುದು. ಆದರೂ ‘ಟಿ. ಕೃಷ್ಣ ವಿಜಯ’ ಎಂಬಲ್ಲಿ ಒಕ್ಕವೆಲ್ಲಿ, ಬೋಪಯ್ಯನವರೆಲ್ಲಿ? ಚಿತ್ರವನ್ನು ಕಂಡು ಕಣ್ಣೊರೆಸಿಕೊಂಡ ಪ್ರೇಕ್ಷಕನೊಬ್ಬನು ಮಡಿಕೇರಿಯ ವೃತ್ತದ ಬಳಿ ಬಸ್ಸಿಳಿದರೆ, ಅಲ್ಲಿ ಬರೆದಿರುವ ಹೆಸರು ತಾನು ಕಂಡ ವೀರನದೇ ಎಂದು ಅವನಿಗೆ ಯಾರಾದರೂ ಹೇಳಬೇಕಾಗುವುದು.